ನುಗ್ಗೆಮರದ ಉಲಿಯಕ್ಕಿ

"ಗುರುಗಳೇ, ಒಂದು ನೆನಪನ್ನು ನಂಬಿ ಎಷ್ಟು ಬಂಡವಾಳ ಹೂಡಬಹುದು?" ಎಂದು ಶಿಷ್ಯ ಕೇಳಿದ. ಕೈಯಲ್ಲಿದ್ದ ವ್ಯಾಪಾರ ಬಿಟ್ಟು ಊರಿಗೆ ಮರಳಲು ಅವನು ಮನಸ್ಸು ಮಾಡಿದ್ದ. ಗುರುಗಳು ಹಿಂದೆ ತಾವೂ ವರ್ತಕರಾಗಿದ್ದವರು. ಅವರು ಹೇಳಿದರು:

ಒಬ್ಬ ವರ್ತಕ ಇಡೀ ಅಂಗಡಿಯನ್ನೇ ಹೂಡಲು ಹೊರಟಿದ್ದ. ಕುಮಟೆಯ ಕಡೆಯವನು. ಆಫ್ರಿಕಾದ ಒಂದು ತೆಳುಗಾಡಿನಲ್ಲಿ ಬಟ್ಟೆ ಕೊಟ್ಟು ಜೇನುಮೇಣ ಕೊಳ್ಳುತ್ತಿದ್ದ. ಇಪ್ಪತ್ತೆರಡು ವರ್ಷ ಊರಿನ ಕಡೆ ತಲೆ ಹಾಕಿರಲಿಲ್ಲ. ಅಲ್ಲಿ ಮಳೆ ಹಿಡಿದ ವಾರ ಅಂಗಡಿ ಮುಂದಿನ ಮರಕ್ಕೆ ಒಂದು ಪುಟ್ಟ ವಲಸೆ ಹಕ್ಕಿ ಬಂತು. ಮಾಸಲು ಹಸಿರು, ಒಂದೆಡೆ ನಿಲ್ಲದು. ಚಿಕ್ಕಂದಿನಲ್ಲಿ ಅಮ್ಮ ಅಕ್ಕಿ ಕೇರುವಾಗ ಹಿತ್ತಲ ನುಗ್ಗೆಮರದಲ್ಲಿ ಹುಳು ಹೆಕ್ಕುತ್ತಿದ್ದ ಉಲಿಯಕ್ಕಿ ಇದೇ ಎಂದು ಅವನಿಗೆ ಅನಿಸಿತು. ತನ್ನನ್ನು ಕರೆಯಲು ಬಂದಿದೆ ಎಂದೇ ನಂಬಿದ.

ಮರದ ತೊಗಟೆಯಲ್ಲಿ ಗೂಡು ಮಾಡಿ ಜೇನು ಸಾಕುವ ಒಬ್ಬ ಮುದುಕನಿಗೆ ಆ ಅಂಗಡಿಯ ಮೇಲೆ ಬಹಳ ದಿನದಿಂದ ಕಣ್ಣಿತ್ತು. ಕಾಡಿನ ಹಕ್ಕಿಗಳನ್ನೆಲ್ಲ ಬಲ್ಲವನು. ವರ್ತಕ ಅವನನ್ನು ಕರೆಸಿ, ಇದು ನಮ್ಮೂರಿನ ಹಕ್ಕಿಯೇ ಎಂದು ಗೊತ್ತಾದರೆ ಅಂಗಡಿಯನ್ನು ಅರ್ಧ ಬೆಲೆಗೆ ನಿನಗೆ ಬಿಟ್ಟು ಹೊರಡುತ್ತೇನೆ ಎಂದ. ಮುದುಕ ಹೌದು ಎಂದಿದ್ದರೆ ಸಾಕಿತ್ತು. ಅವನು ಹೇಳಿದ್ದು ಬೇರೆ:

"ಸಾಹುಕಾರರೇ, ಈ ಬಣ್ಣದವು ಐದಾರು ಬಗೆ ಇವೆ. ಬಣ್ಣ ನೋಡಿ ಕೊಳ್ಳುವುದು ನಿಮ್ಮ ಬಟ್ಟೆಯನ್ನು. ಮಳೆ ಮುಗಿದು ವಲಸೆ ಹೊರಡುವ ಮುಂಚೆ ಇದು ಬಾಯಿ ಬಿಡುತ್ತದೆ. ಕೇಳಿ ನೀವೇ ಹೇಳಿ."

ಮಳೆಗಾಲ ಮುಗಿಯುವವರೆಗೆ ಇಬ್ಬರೂ ಕಾದರು. ಒಂದು ಬೆಳಿಗ್ಗೆ ಹಕ್ಕಿ ಹಾಡಿತು. ದನಿ ಮೆಟ್ಟಿಲಿಳಿದಂತೆ ಇಳಿದು ನಿಂತಿತು.

"ನಿಮ್ಮೂರಿನದು ಹೀಗೆಯೇ ಹಾಡುತ್ತಿತ್ತೇ?"

ವರ್ತಕ ಕಣ್ಣು ಮುಚ್ಚಿ ಕೂತ. ಮೊರದ ಸದ್ದು ನೆನಪಾಯಿತು. ಅಮ್ಮನ ಬಳೆ, ಅಂಗಳಕ್ಕೆ ಉದುರಿದ ನುಗ್ಗೆಹೂವು ನೆನಪಾಯಿತು. ಆ ಹಕ್ಕಿಯ ದನಿ ಮಾತ್ರ ಎಷ್ಟು ಹೊತ್ತಾದರೂ ನೆನಪಿಗೆ ಬರಲಿಲ್ಲ.

"ಗೊತ್ತಿಲ್ಲ" ಎಂದ.

ಹಾಗಾದರೆ ನನಗೆ ಅಂಗಡಿ ಬೇಡ, ನಾಳೆ ನೀವು ಹಡಗಿಳಿದು ಬಂದು ವಾಪಸು ಕೇಳುವವರು ಎಂದು ಹೇಳಿ ಮುದುಕ ತನ್ನ ಜೇನುಗೂಡುಗಳ ಕಡೆ ನಡೆದ. ಎರಡು ದಿನದಲ್ಲಿ ಹಕ್ಕಿಯೂ ಹೋಯಿತು. ವರ್ತಕ ಉಳಿದ.

"ಅಷ್ಟು ಕಾದದ್ದಕ್ಕೆ ಅವನಿಗೆ ಗಿಟ್ಟಿದ್ದೇನು?" ಎಂದ ಶಿಷ್ಯ.

"ದನಿ ಕೇಳಿಯೇ ಗುರುತು ಹಿಡಿಯಬಲ್ಲ ಹಕ್ಕಿ ಒಂದು. ಅದೂ ಊರಿನದಲ್ಲ, ಆ ಕಾಡಿನದು" ಎಂದರು ಗುರುಗಳು.