ಕೆಂಪು ಕಾರಿನ ಬಾಗಿಲು

ದಾವಣಗೆರೆಯ ಕಾರು ಮಳಿಗೆಯೊಂದರಲ್ಲಿ ಶಶಿರೇಖಾ ಮಾರಾಟದ ಕೆಲಸದಲ್ಲಿದ್ದಳು. ಒಂದು ಬೆಳಿಗ್ಗೆ ಅಕ್ಕಿ ಗಿರಣಿಯ ರುದ್ರಮುನಿಯವರು ಹೆಂಡತಿಯೊಂದಿಗೆ ಬಂದವರೇ, "ಬಣ್ಣ, ಹೊಳಪು ತೋರಿಸಿ ನನ್ನನ್ನು ಮರುಳು ಮಾಡಬೇಡಿ. ನಾನು ಲೆಕ್ಕಾಚಾರದ ಮನುಷ್ಯ!" ಎಂದು ಗುಡುಗಿದರು. ಮ್ಯಾನೇಜರು ಶಶಿರೇಖಾಳ ಕಿವಿಯಲ್ಲಿ, "ಇವರು ಬರಿಗೈಲಿ ಹೋದರೆ ನಾಳೆಯಿಂದ ನೀನೂ ಬರಬೇಡ," ಎಂದು ಉಸುರಿ ಸರಿದುಬಿಟ್ಟ.

ಶಶಿರೇಖಾ ಅಳುಕಲಿಲ್ಲ. "ನಿಮಗೆ ತಕ್ಕದ್ದು ಅಲ್ಲಿದೆ ಸರ್," ಎಂದು ಮೂಲೆಯಲ್ಲಿದ್ದ ಬೂದು ಬಣ್ಣದ ಸಾದಾ ಕಾರಿನತ್ತ ನಡೆದಳು. ನಡುವೆ ದೊಡ್ಡದೊಂದು ಕೆಂಪು ಕಾರು ನಿಂತಿತ್ತು. ಅದರ ಬಾಗಿಲು ತೆರೆದು, ಸುಮ್ಮನೆ ಮುಚ್ಚಿದಳು. 'ಧಪ್' ಎಂದು ಗಂಭೀರವಾದ, ಮೆತ್ತನೆಯ ಸದ್ದಾಯಿತು.

ರುದ್ರಮುನಿ ನಿಂತರು. "ಇದು?"

"ಇದು ಮನಸೋತು ಕೊಳ್ಳುವವರಿಗೆ ಸರ್. ನಿಮಗಲ್ಲ. ಬನ್ನಿ."

ಅವರು ಬರಲಿಲ್ಲ. ತಾವೇ ಬಾಗಿಲು ಮುಚ್ಚಿ ನೋಡಿದರು. ಮತ್ತೆ ತೆರೆದು ಒಳಗೆ ಕೂತರು. ಹೊಸ ಚರ್ಮದ ವಾಸನೆಗೆ ಕಣ್ಣು ಅರ್ಧ ಮುಚ್ಚಿತು. ಕೈ ತಾನಾಗಿಯೇ ಸ್ಟೀರಿಂಗ್ ಸವರತೊಡಗಿತು.

"ಇಳೀರಿ ಸರ್," ಎಂದಳು ಶಶಿರೇಖಾ.

"ತಡಿಯಮ್ಮಾ! ಬಾಗಿಲು ಗಟ್ಟಿಯಿದ್ದರೆ ಜೀವಕ್ಕೆ ಕ್ಷೇಮ. ಕೆಂಪು ಬಣ್ಣ ದೂರಕ್ಕೇ ಕಾಣುತ್ತೆ. ಸೀಟು ಬೆನ್ನಿಗೆ ಒಳ್ಳೇದು. ಇದನ್ನೆಲ್ಲ ಯೋಚಿಸಬೇಕು!"

"ನನಗೆ ಹೊಳೆದಿರಲಿಲ್ಲ ಸರ್."

"ಹೊಳೆಯೋದು ಹೇಗೆ? ಅನುಭವ ಬೇಕು!" ಎಂದು ಬೀಗುತ್ತಾ ಅವರು ಆ ಕಾರನ್ನೇ ಬುಕ್ ಮಾಡಲು ಮ್ಯಾನೇಜರ ಕೋಣೆಗೆ ಹೋದರು.

ಹೆಂಡತಿ ಮೆಲ್ಲಗೆ ಶಶಿರೇಖಾಳ ಪಕ್ಕಕ್ಕೆ ಬಂದರು. "'ನಿಮಗಲ್ಲ' ಅಂದರೆ ಸಾಕು, ಇವರಿಗೆ ಅದೇ ಬೇಕು. ಇದನ್ನು ತಿಳಿಯೋಕೆ ನನಗೆ ಅರ್ಧ ಆಯಸ್ಸು ಹಿಡಿಯಿತು. ನೀನು ಬಾಗಿಲು ಮುಚ್ಚೋದರೊಳಗೆ ಕಲಿತೆಯಲ್ಲೇ!"