ಎತ್ತಿಲ್ಲದ ಗಾಡಿಗೆ ಆರತಿ

"ಗುರುಗಳೇ, ಗೊತ್ತಿಲ್ಲ ಎಂದರೆ ಜನ ಹಗುರವಾಗಿ ಕಾಣುತ್ತಾರೆ. ಗೊತ್ತಿಲ್ಲದ್ದನ್ನೂ ಗೊತ್ತಿದೆ ಎಂದುಬಿಟ್ಟರೆ ಯಾರ ಗಂಟು ಹೋಗುತ್ತದೆ?" ಎಂದು ಶಿಷ್ಯ ಕೇಳಿದ.

ಗುರುಗಳು ಕತೆ ಹೇಳಿದರು.

ಒಬ್ಬ ಗಾಡಿಕಾರನಿದ್ದ. ಹತ್ತೂರ ಧೂಳು ಕುಡಿದವನು. ಅಚ್ಚಿನ ಸದ್ದು ಕೇಳಿಯೇ ಯಾರ ಗಾಡಿ, ಎಷ್ಟು ಹೇರು ಎಂದು ಹೇಳಿಬಿಡುತ್ತಿದ್ದ. ಗಾಡಿಯ ವಿಷಯದಲ್ಲಿ ಊರೊಳಗೆ ಅವನಿಗೆ ಎದುರಾಡುವವರಿರಲಿಲ್ಲ. ಮನೆಯಲ್ಲಂತೂ ಇರಲೇ ಇಲ್ಲ.

ಆ ಸೀಮೆಗೆ ಮೊದಲ ರೈಲು ಬರುವ ದಿನ ಬಂತು. ಹಳಿಯ ಮೇಲೆ ಯಾರೂ ಕಾಲಿಡಬಾರದೆಂದು ತಳವಾರ ಡಂಗುರ ಹೊಡೆದ. ಗಾಡಿಕಾರ ನಕ್ಕುಬಿಟ್ಟ. "ಹೊಸ ಗಾಡಿ ಊರ ಎಲ್ಲೆಗೆ ಬಂದಾಗ ಆರತಿ ಎತ್ತದೆ ಕಳಿಸಿದರೆ ನಮ್ಮ ಮಾನ ಉಳಿದೀತೇ?" ಎಂದ.

ಅಲ್ಲಿನ ಪದ್ಧತಿ ಹಾಗಿತ್ತು. ಹೊಸ ಗಾಡಿ ಬಂದರೆ ಮುತ್ತೈದೆ ಎದುರು ನಿಂತು ಆರತಿ ಹಿಡಿಯಬೇಕು. ಎತ್ತು ತಟ್ಟೆಯ ಬೆಲ್ಲಕ್ಕೆ ಮೂತಿ ಚಾಚುವ ತನಕ ಅವಳು ಸರಿಯಬಾರದು. ಸರಿದರೆ ಗಾಡಿಗೆ ಕೇಡು. ಹಾಗೆ ನಿಂತವಳನ್ನು ಯಾವ ಎತ್ತೂ ತುಳಿದದ್ದಿಲ್ಲ.

ಗಾಡಿಕಾರನ ಹೆಂಡತಿ ತಟ್ಟೆ ಸಜ್ಜುಮಾಡಿಕೊಂಡು ಹಳಿಯ ತನಕ ಬಂದಳು. ಬಂದವಳು, "ಅಲ್ಲಾ, ಈ ರೈಲಿಗೆ ಎತ್ತು ಎಲ್ಲಿ ಕಟ್ತಾರೆ?" ಎಂದು ಕೇಳಿದಳು.

ಗಾಡಿಕಾರನಿಗೆ ಗೊತ್ತಿರಲಿಲ್ಲ. ಸುತ್ತ ಊರೇ ನೆರೆದಿತ್ತು. ಎಲ್ಲರ ಕಿವಿಯೂ ಅವನತ್ತಲೇ.

"ಒಳಗೆ ಕಟ್ಟಿರ್ತಾರೆ ಕಣೇ. ಗಾಡಿ ವಿಷಯ ನನಗೇ ಹೇಳಿಕೊಡ್ತೀಯಾ? ಮುತ್ತೈದೆ ಎದುರು ನಿಂತರೆ ನಿಲ್ಲದ ಗಾಡಿ ಇನ್ನೂ ಹುಟ್ಟಿಲ್ಲ. ಹೋಗಿ ನಿಂತ್ಕೋ."

ಜನ ನಕ್ಕರು. ಅವಳೂ ನಕ್ಕು, ಸೆರಗು ಸರಿಮಾಡಿಕೊಂಡು ಹಳಿಗಳ ನಡುವೆ ನಿಂತಳು.

ದೂರದಲ್ಲಿ ಹೊಗೆ ಕಂಡಿತು. ರೈಲು ಕೂಗಿತು, ಮತ್ತೆ ಕೂಗಿತು. ನೆಲ ಅದುರಿತು. ಇಷ್ಟು ಹತ್ತಿರ ಬಂದಮೇಲೆ ಯಾವ ಗಾಡಿಯಾದರೂ ನಿಧಾನವಾಗಬೇಕಿತ್ತಲ್ಲ ಎಂದು ಗಾಡಿಕಾರನಿಗೆ ಹೊಳೆಯಿತು. ಹೆಂಡತಿಯನ್ನು ಕರೆಯಲು ಬಾಯಿ ತೆರೆದ. ಅಷ್ಟರಲ್ಲಿ ಪಕ್ಕದವನೊಬ್ಬ, "ಏನ್ ಯಜಮಾನ, ನಿಲ್ತದಾ ಇದು?" ಎಂದು ಕಿಸಕ್ಕನೆ ನಕ್ಕ.

"ನಿಲ್ತದೆ" ಎಂದ ಗಾಡಿಕಾರ. ಅಂಗೈ ಎತ್ತಿ ಹೆಂಡತಿಗೆ ಸನ್ನೆ ಮಾಡಿದ, ಅಲ್ಲೇ ಇರು ಎಂದು.

ರೈಲು ನಿಂತಿತು. ಅವಳು ನಿಂತಿದ್ದ ಜಾಗ ದಾಟಿ, ಮೂರು ಹೊಲದಾಚೆ ನಿಂತಿತು.

ರೈಲು ನಡೆಸುವವನು ಇಳಿದು ಓಡಿಬಂದ. "ಅಷ್ಟು ಕೂಗಿಸಿದೆನಲ್ಲಪ್ಪಾ" ಎಂದಷ್ಟೇ ಹೇಳಿ ಕುಸಿದು ಕುಳಿತ. ಗಾಡಿಕಾರ ಜಲ್ಲಿಯಲ್ಲಿ ಚೆಲ್ಲಿದ ಬೆಲ್ಲದ ಚೂರುಗಳನ್ನು ಒಂದೊಂದಾಗಿ ಆಯುತ್ತಿದ್ದ.

ಅಂದಿನಿಂದ ರೈಲು ಬರುವ ಹೊತ್ತಿಗೆ ಅವನು ದಿನವೂ ಹಳಿಯ ಪಕ್ಕ ನಿಲ್ಲುತ್ತಿದ್ದ. ಯಾರೂ ಇಲ್ಲದ ಹಳಿಯತ್ತ ಕೈಬೀಸಿ, "ಈಚೆ ಬಾರೇ, ಈಚೆ ಬಾ" ಎನ್ನುತ್ತಿದ್ದ.

ಗುರುಗಳು ಕತೆ ಮುಗಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. "ಅಷ್ಟು ದೊಡ್ಡದು ಮೈಮೇಲೆ ಬರುತ್ತಿದ್ದದ್ದು ಅವಳಿಗೆ ಕಾಣಲಿಲ್ಲವೇ?" ಎಂದ.

"ಅವಳು ಅತ್ತ ನೋಡಲೇ ಇಲ್ಲ ಮಗು, ಗಂಡನ ಕೈಯನ್ನೇ ನೋಡುತ್ತಿದ್ದಳು."