ಡಂಗುರದ ಪಾಠ

ಉಪಾಧ್ಯಾಯನಾಗಿದ್ದ ಇಂದುಧರ ಎಂಬ ಶಿಷ್ಯ ಗುರುಗಳನ್ನು ಕೇಳಿದ: "ಗುರುಗಳೇ, ನಮ್ಮ ಪ್ರೌಢಶಾಲೆಯಲ್ಲಿ ಮಾಧ್ಯಮ ಎಂಬ ಹೊಸ ವಿಷಯ ಬಂದಿದೆ. ಪತ್ರಿಕೆ, ಟಿ.ವಿ., ಮೊಬೈಲಿನಲ್ಲಿ ಬರುವ ಸುದ್ದಿಯನ್ನು ಪರೀಕ್ಷಿಸುವುದು ಹೇಗೆಂದು ನಾನು ಒಂಬತ್ತನೆಯ ತರಗತಿಗೆ ಕಲಿಸುತ್ತಿದ್ದೇನೆ. ಪೋಷಕರು ನಗುತ್ತಾರೆ. ಅದನ್ನು ಬಿಟ್ಟು ಗಣಿತ ಹೇಳಿಕೊಡಿ ಎಂದು ಆಡಳಿತ ಮಂಡಳಿಯವರು ಒತ್ತಾಯಿಸುತ್ತಿದ್ದಾರೆ. ಬಿಟ್ಟುಬಿಡಲೇ?"

ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಪತ್ರಿಕೆ ಇರಲಿಲ್ಲ. ಡಂಗುರದವನೊಬ್ಬ ಇದ್ದ. ಅವನು ಸಾರಿದ್ದೇ ಸುದ್ದಿ. ಅಲ್ಲಿನ ಶಾಲೆಯ ಉಪಾಧ್ಯಾಯಿನಿ ದೊಡ್ಡ ತರಗತಿಯ ಮಕ್ಕಳಿಗೆ ದಿನಕ್ಕೊಂದು ಗಂಟೆ ಡಂಗುರದ ಪಾಠ ಮಾಡುತ್ತಿದ್ದಳು. ಹಿಂದಿನ ದಿನ ಸಾರಿದ ಮಾತನ್ನು ಹಲಗೆಯ ಮೇಲೆ ಬರೆಯುವಳು. ಅದನ್ನು ಕಂಡವರು ಯಾರು, ಹೇಳಿಸಿದವರು ಯಾರು ಎಂದು ಮಕ್ಕಳೇ ವಿಚಾರಿಸಿಕೊಂಡು ಬರಬೇಕು. ತಿಳಿಯದಿದ್ದರೆ ತಿಳಿಯಲಿಲ್ಲ ಎಂದು ಬರೆಯಬೇಕು.

ಒಬ್ಬ ಬಟ್ಟೆ ವರ್ತಕನ ಮಗಳು ಆ ತರಗತಿಯಲ್ಲಿದ್ದಳು. ವರ್ತಕ ಶಾಲೆಗೇ ಬಂದು, ಡಂಗುರ ಕೇಳುವುದಕ್ಕೂ ಪಾಠ ಬೇಕೇ, ಕಿವಿ ಸಾಲದೇ ಎಂದು ಜಗಳವಾಡಿದ. ಉಪಾಧ್ಯಾಯಿನಿ ಅವನನ್ನು ಕೂರಿಸಿ ಮಜ್ಜಿಗೆ ಕೊಟ್ಟಳು. ಪಾಠ ಮಾತ್ರ ನಿಲ್ಲಿಸಲಿಲ್ಲ.

ಒಂದು ಸಂತೆಯ ದಿನ ಡಂಗುರ ಬಡಿಯಿತು. ಹೊಳೆಯಾಚೆಯ ಬುಟ್ಟಿ ಹೆಣೆಯುವವರು ಊರ ಕೆರೆಗೆ ವಿಷ ಬೆರೆಸಿದ್ದಾರೆ, ಮೂರು ಮಕ್ಕಳು ಸತ್ತಿವೆ ಎಂದು ಡಂಗುರದವನು ಸಾರಿದ. ಜನ ಸಿಟ್ಟಿನಿಂದ ಕುದಿದರು. ದೊಣ್ಣೆ ಹಿಡಿದು ಸೇತುವೆಯ ಕಡೆಗೆ ನುಗ್ಗಿದರು. ವರ್ತಕನೂ ಅವರೊಳಗಿದ್ದ.

ಶಾಲೆ ಸೇತುವೆಯ ಪಕ್ಕದಲ್ಲೇ ಇತ್ತು. ವರ್ತಕನ ಮಗಳು ಎದ್ದು ಹೋಗಿ ಸೇತುವೆಯ ನಡುವೆ ನಿಂತಳು. ಉಳಿದ ಮಕ್ಕಳೂ ಹೋಗಿ ಅವಳ ಪಕ್ಕ ಅಡ್ಡ ನಿಂತರು. ಉಪಾಧ್ಯಾಯಿನಿ ತಡೆಯಲಿಲ್ಲ, ತಾನೂ ಹೋಗಿ ನಿಂತಳು. ದಾರಿ ಬಿಡು ಎಂದು ವರ್ತಕ ಮಗಳನ್ನು ಗದರಿಸಿದ.

"ಬಿಡುತ್ತೇನೆ ಅಪ್ಪಾ. ಸತ್ತ ಮಕ್ಕಳು ಯಾರ ಮನೆಯವು, ಅಷ್ಟು ಹೇಳು."

ವರ್ತಕನಿಗೆ ಗೊತ್ತಿರಲಿಲ್ಲ. ಅವನು ಹಿಂದಿದ್ದ ಬಡಗಿಯ ಮುಖ ನೋಡಿದ. ಬಡಗಿ ತನ್ನ ಹಿಂದಿದ್ದವನ ಮುಖ ನೋಡಿದ. ಮೇಲಿನ ಕೇರಿಯವರು ಕೆಳಗಿನ ಕೇರಿಯ ಮಕ್ಕಳೆಂದುಕೊಂಡಿದ್ದರು, ಕೆಳಗಿನವರು ಮೇಲಿನ ಕೇರಿಯವೆಂದುಕೊಂಡಿದ್ದರು. ಸಾವಾದ ಮನೆ ಊರಿನಲ್ಲಿ ಒಂದೂ ಇರಲಿಲ್ಲ. ಡಂಗುರದವನನ್ನು ಎಳೆದುಕೊಂಡು ಬಂದರು. ಊರ ಗೌಡರು ಹೇಳಿಸಿದ್ದನ್ನು ಹೇಳಿದೆ ಎಂದು ಅವನು ತಲೆ ತಗ್ಗಿಸಿದ. ಬುಟ್ಟಿಯವರು ಬಿದಿರು ಬೆಳೆಯುವ ಜಾಗದ ಮೇಲೆ ಗೌಡನಿಗೆ ಬಹಳ ದಿನದಿಂದ ಕಣ್ಣಿತ್ತು. ಅದು ಎಲ್ಲರಿಗೂ ಗೊತ್ತಿದ್ದ ವಿಷಯ. ಆದರೂ ಡಂಗುರ ಕೇಳಿದಾಗ ಯಾರಿಗೂ ಅದು ನೆನಪಾಗಿರಲಿಲ್ಲ. ವರ್ತಕ ದೊಣ್ಣೆಯನ್ನು ಹೊಳೆಗೆ ಎಸೆದು ಮನೆಗೆ ನಡೆದ. ಒಬ್ಬೊಬ್ಬರಾಗಿ ಉಳಿದವರೂ ಹಿಂದಿರುಗಿದರು.

ಮರುದಿನ ಗೌಡ ಉಪಾಧ್ಯಾಯಿನಿಯನ್ನು ಚಾವಡಿಗೆ ಕರೆಸಿದ. ಹಿರಿಯರಿಗೆ ಎದುರು ನಿಲ್ಲುವುದನ್ನು ಮಕ್ಕಳಿಗೆ ಕಲಿಸಿದ್ದೀಯ, ಆ ಪಾಠ ಇವತ್ತಿಗೆ ನಿಲ್ಲಬೇಕು, ಇಲ್ಲವಾದರೆ ಶಾಲೆಗೆ ಬೀಗ ಬೀಳುತ್ತದೆ ಎಂದ.

"ನಾನು ಕಲಿಸಿದ್ದು ಪ್ರಶ್ನೆ ಕೇಳುವುದನ್ನು. ನಿಮ್ಮ ಬಳಿ ಉತ್ತರವಿಲ್ಲದಿದ್ದರೆ ಅದು ನನ್ನ ತಪ್ಪಲ್ಲ. ಬೀಗ ಹಾಕಿ" ಎಂದು ಹೇಳಿ ಅವಳು ಎದ್ದು ಬಂದಳು.

ಗೌಡ ಬೀಗ ಹಾಕಿಸಿದ. ವರ್ತಕ ತನ್ನ ಅಂಗಡಿಯ ಬಟ್ಟೆಯ ಮೂಟೆಗಳನ್ನು ಒಂದು ಬದಿಗೆ ಸರಿಸಿ ಚಾಪೆ ಹಾಸಿದ. ಉಪಾಧ್ಯಾಯಿನಿ ಅಲ್ಲಿ ಹಲಗೆ ನಿಲ್ಲಿಸಿ ಬರೆದಳು: ಶಾಲೆಗೆ ಬೀಗ ಬಿದ್ದಿದೆ, ಹಾಕಿಸಿದವರು ಯಾರು? ಇಪ್ಪತ್ತೆಂಟು ಮಕ್ಕಳೂ ಅದರ ಕೆಳಗೆ ಗೌಡನ ಹೆಸರನ್ನು ಸ್ಪಷ್ಟವಾಗಿ ಬರೆದರು. ಬೀದಿಗೆ ತೆರೆದಿದ್ದ ಅಂಗಡಿ ಅದು. ಹೋಗಿ ಬರುವವರೆಲ್ಲ ನಿಂತು ಓದಿದರು.

ಗುರುಗಳು ಇಲ್ಲಿಗೆ ಕತೆ ಮುಗಿಸಿದರು. ಇಂದುಧರನಿಗೆ ಸಮಾಧಾನವಾಗಲಿಲ್ಲ.

"ಕತೆ ಚೆನ್ನಾಗಿದೆ, ಗುರುಗಳೇ. ಆದರೆ ಅಡ್ಡ ನಿಲ್ಲುವ ಅಂಥ ಮಕ್ಕಳು ಎಲ್ಲ ಊರಿನಲ್ಲೂ ಇರುತ್ತಾರೆಯೇ?"

ಗುರುಗಳು ಹೇಳಿದರು: "ನಮ್ಮೂರಿನಲ್ಲೂ ಇಂಥದೇ ಡಂಗುರ ಬಡಿದಿತ್ತು. ಅಡ್ಡ ನಿಲ್ಲುವ ಮಕ್ಕಳು ಇರಲಿಲ್ಲ, ದೊಣ್ಣೆ ಹಿಡಿದು ಸೇತುವೆ ದಾಟಿದವರಲ್ಲಿ ನಾನೂ ಒಬ್ಬ."